ಹಳ್ಳಿದಾರಿಗೆ ಹಗುರ ಬೈಕೇ ಸೈ

ಗೋರಂಟ್ಲ, ಮಡಕಶಿರದ ಕಡೆ ಮಣ್ಣುದಾರಿಯಲ್ಲಿ ಶಾಲೆಗೆ ಹೋಗುವ ನಮ್ಮಂಥ ಮೇಷ್ಟ್ರುಗಳಿಗೆ ಎಂಥ ಬೈಕು ಬೇಕು? ಕಿರಿಯ ಮೇಷ್ಟ್ರುಗಳು ಸಾಲ ಮಾಡಿಯಾದರೂ ಹಿಮಾಲಯನ್ 450 ತರಬೇಕೆನ್ನುತ್ತಾರೆ. ಅದರ ತೂಕ 196 ಕೆ.ಜಿ. ಮೈಸೂರಿನ ಐಡಿಯಲ್ ಜಾವಾ 1996ರವರೆಗೆ ತಯಾರಿಸಿದ ಯೆಜ್ಡಿ ಸುಮಾರು 140 ಕೆ.ಜಿ. ಅದರಲ್ಲಿ ಕಿಕ್ಕರೇ ಗೇರ್ ಲಿವರ್ ಕೂಡ. ಪ್ಲಗ್ ಉಜ್ಜಿ, ಕಾರ್ಬುರೇಟರ್ ಊದಿದರೆ ಬಹಳ ಸಲ ಮತ್ತೆ ಹೊರಡುತ್ತಿತ್ತು.

ಎಣ್ಣೆ ಬೆರೆಸಿದ ಪೆಟ್ರೋಲಿನ ಹೊಗೆ ಕೆಟ್ಟದ್ದೇ, ಅದು ವಾಪಸ್ ಬೇಡ. ಆದರೆ ಆ ಹಗುರತನ, ಆ ಸರಳತನ ಬೇಕು. ಮರಳಲ್ಲಿ ಬಿದ್ದ ಬೈಕನ್ನು ಒಬ್ಬರೇ ಎತ್ತುವಂತಿರಬೇಕು, ಊರ ಮೆಕ್ಯಾನಿಕ್ಕೇ ರಿಪೇರಿ ಮಾಡುವಂತಿರಬೇಕು. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರ ಬೈಕು ದಾರಿಯಲ್ಲಿ ನಿಂತರೆ ಅಂದು ಶಾಲೆಯ ಬೀಗ ತೆಗೆಯುವವರಿಲ್ಲ. ಸಾಲಕ್ಕೆ ಸಹಿ ಹಾಕುವ ಮುನ್ನ ಇದನ್ನು ಯೋಚಿಸೋಣ. ಏನಂತೀರಿ?