ರಜೆಯ ಮಕ್ಕಳಿಗೆ ಬೀಗ ಹಾಕಿದ ಅಂಗಳ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಏಳು ವರ್ಷದ ನನ್ನ ಮೊಮ್ಮಗಳು, ಪತ್ರಿಕೆ ಓದುತ್ತಿದ್ದ ನನ್ನೆದುರು ಬಂದು ನಿಂತು 'ತಾತ, ಬೋರು' ಎಂದಳು. ಶಾಲೆಗೆ ರಜೆ ಬಿಟ್ಟು ಆಗಿನ್ನೂ ಐದು ದಿನಗಳಾಗಿದ್ದವು. ಅವಳ ತಂದೆ ತಾಯಿ ಇಬ್ಬರೂ ಉದ್ಯೋಗಸ್ಥರು. ಬೆಂಗಳೂರಿನ ದಕ್ಷಿಣ ಭಾಗದ ವಸತಿ ಸಮುಚ್ಚಯವೊಂದರ ನಾಲ್ಕನೆಯ ಮಹಡಿಯಲ್ಲಿ ಹಗಲಿಡೀ ಅವಳಿಗೆ ನಾವು, ಅಂದರೆ ನಾನು ಮತ್ತು ನನ್ನ ಪತ್ನಿ, ನಮಗೆ ಅವಳು. ಟಿ.ವಿ. ಆಗಲೇ ಎರಡು ಗಂಟೆ ಓಡಿತ್ತು. ಅದನ್ನು ಆರಿಸಿ ಅವಳನ್ನು ಕೆಳಗೆ ಕರೆದೊಯ್ದೆ. ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿದ್ದ ಇಟ್ಟಿಗೆಯ ಚೂರುಗಳನ್ನೂ, ಬೀದಿ ತುದಿಯ ಇಸ್ತ್ರಿ ಗಾಡಿಯವರನ್ನು ಕೇಳಿ ಪಡೆದ ನಾಲ್ಕು ಇದ್ದಿಲು ತುಂಡುಗಳನ್ನೂ ಕೈಗೆ ಕೊಟ್ಟು, 'ನಿನಗೆ ತೋಚಿದ್ದನ್ನು ಬರೆ' ಎಂದೆ.

ಅವಳು ರೈಲು ಬರೆಯಲು ತೊಡಗಿದಳು. ಅರ್ಧ ಗಂಟೆಯಲ್ಲಿ ರೈಲಿಗೆ ಹನ್ನೊಂದು ಬೋಗಿಗಳಾದವು, ಮಕ್ಕಳು ಏಳು ಮಂದಿಯಾದರು. ಅವರಲ್ಲಿ ಒಬ್ಬಳು ನಮ್ಮ ಸಮುಚ್ಚಯದ ಮೆಟ್ಟಿಲು ಗುಡಿಸಿ ಒರೆಸುವ ಹೆಣ್ಣುಮಗಳ ಮಗಳು. ರಜೆಯಾದ್ದರಿಂದ ತಾಯಿಯೊಡನೆ ಬಂದು ನೆಲಮಾಳಿಗೆಯ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕುಳಿತಿರುತ್ತಿದ್ದ ಹುಡುಗಿ. ಆಕೆ ಉದುರಿ ಬಿದ್ದಿದ್ದ ತೆಂಗಿನ ಗರಿಯಿಂದ ಗಿರಗಿಟ್ಟೆ, ಹಾವು, ಕೈಗಡಿಯಾರ ಮಾಡುವುದನ್ನು ಉಳಿದವರಿಗೆ ಕಲಿಸಿದಳು. ಆ ಎರಡು ಗಂಟೆಗಳಲ್ಲಿ 'ಬೋರು' ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಆದರೆ ಸಂಜೆಯ ವೇಳೆಗೆ ನಿವಾಸಿಗಳ ಸಂಘದಿಂದ ಎಲ್ಲರ ಮೊಬೈಲಿಗೂ ಸೂಚನೆ ಬಂದಿತು: ಆವರಣದ ನೆಲದ ಮೇಲೆ ಗೀಚುವುದನ್ನು ನಿಷೇಧಿಸಲಾಗಿದೆ.

ಮರುದಿನ ಹತ್ತಿರದ ಉದ್ಯಾನಕ್ಕೆ ಹೋದೆವು. ಹೊಂಗೆಯ ನೆರಳಿನಲ್ಲಿ ಮಕ್ಕಳು ಉದುರಿದ ಎಲೆ, ಹೂವುಗಳನ್ನು ಜೋಡಿಸಿ ನವಿಲೊಂದನ್ನು ಮಾಡತೊಡಗಿದ್ದರಷ್ಟೆ. ಕಾವಲುಗಾರ ಬಂದು, ಕಸ ಹರಡಬಾರದೆಂದೂ ಹುಲ್ಲಿನ ಮೇಲೆ ಕೂರಬಾರದೆಂದೂ ತಿಳಿಸಿದ. ಅವನ ಮಾತಿನಲ್ಲಿ ಒರಟುತನವಿರಲಿಲ್ಲ. 'ನೀವೇ ಬೋರ್ಡ್ ನೋಡಿ ಸಾರ್, ವಾಕಿಂಗಿನವರು ಕಂಪ್ಲೇಂಟ್ ಮಾಡ್ತಾರೆ' ಎಂದ. ಹಸಿರು ಬಣ್ಣದ ಆ ಫಲಕದಲ್ಲಿ ಒಂಬತ್ತು ಸೂಚನೆಗಳಿದ್ದವು. ಒಂಬತ್ತೂ 'ಬಾರದು' ಎಂದೇ ಮುಗಿಯುತ್ತಿದ್ದವು.

ಆ ಫಲಕದ ಮುಂದೆ ನಾನು ಸಿಟ್ಟಾಗಬೇಕಿತ್ತು. ಆದರೆ ನನಗಾದದ್ದು ನಾಚಿಕೆ. ಸುಮಾರು 30 ವರ್ಷಗಳ ಹಿಂದೆ, ಜಿಲ್ಲಾ ಕೇಂದ್ರವೊಂದರ ಪೌರಾಡಳಿತದ ಹೊಣೆ ಹೊತ್ತಿದ್ದಾಗ, ಇಂಥದೇ ಫಲಕವನ್ನು ಹಾಕಿಸುವ ಕಡತಕ್ಕೆ ನಾನೇ ಸಹಿ ಮಾಡಿದ್ದೆ. ಉದ್ಯಾನದಲ್ಲಿ ಮಕ್ಕಳ ಗಲಾಟೆಯಿಂದ ವಾಯುವಿಹಾರಕ್ಕೆ ಅಡ್ಡಿಯಾಗುತ್ತಿದೆ ಎಂದು ಊರಿನ ಹನ್ನೆರಡು ಗಣ್ಯರು ಮನವಿ ಸಲ್ಲಿಸಿದ್ದರು. ಮನವಿ ಸುಂದರವಾದ ಕೈಬರಹದಲ್ಲಿತ್ತು, ಬೇಡಿಕೆ ಖರ್ಚಿಲ್ಲದ್ದು. ಐದು ನಿಮಿಷದಲ್ಲಿ ಕಡತ ವಿಲೇವಾರಿಯಾಯಿತು. ಆ ಉದ್ಯಾನದಲ್ಲಿ ಮಣ್ಣಾಡುತ್ತಿದ್ದ ಮಕ್ಕಳು ಎಲ್ಲಿ ಹೋಗಬೇಕೆಂದು ನಾನು ಟಿಪ್ಪಣಿಯಲ್ಲಿ ಕೇಳಲಿಲ್ಲ, ನನ್ನ ಮೇಲಿನವರೂ ಕೇಳಲಿಲ್ಲ. ಆಡಳಿತವು ಅರ್ಜಿ ಬರೆಯುವವರ ಮಾತನ್ನು ಕೇಳುತ್ತದೆ. ಮಕ್ಕಳು ಅರ್ಜಿ ಬರೆಯುವುದಿಲ್ಲ.

ಈ ಖಾಲಿ ಜಾಗವನ್ನು ಈಗ ಮಾರುಕಟ್ಟೆ ತುಂಬಿದೆ. ಮಾರ್ಚ್ ತಿಂಗಳಿನಿಂದಲೇ ಬೇಸಿಗೆ ಶಿಬಿರಗಳ ಕರಪತ್ರಗಳು ಪತ್ರಿಕೆಯೊಳಗಿಂದ ಉದುರತೊಡಗುತ್ತವೆ. ನನ್ನ ಮಗಳು ವಿಚಾರಿಸಿದ ಚಿತ್ರಕಲಾ ಶಿಬಿರವೊಂದರ ಎರಡು ವಾರಗಳ ಶುಲ್ಕ ಎಂಟು ಸಾವಿರ ರೂಪಾಯಿ. ಅದು ನಡೆಯುವುದು ಹವಾನಿಯಂತ್ರಿತ ಕೊಠಡಿಯಲ್ಲಿ. ಕೊನೆಯ ದಿನ ಪ್ರಮಾಣಪತ್ರವುಂಟು. ಇಂಥ ಶಿಬಿರಗಳನ್ನು ಜರೆಯುವುದು ನನ್ನ ಉದ್ದೇಶವಲ್ಲ. ತಂದೆ ತಾಯಿ ಇಬ್ಬರೂ ದುಡಿಯುವ ಮನೆಗೆ ಮಗುವನ್ನು ನಂಬಿ ಬಿಡಬಹುದಾದ ಜಾಗವೊಂದು ಬೇಕು, ಅದಕ್ಕೆ ಅವರು ಬೆಲೆ ತೆರುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ಮಾರಾಟವಾಗುವುದು ಕಲೆಗಿಂತ ಹೆಚ್ಚಾಗಿ ಜಾಗ ಮತ್ತು ಕಾವಲು. ಇವೆರಡನ್ನೂ ಕೊಳ್ಳಲಾಗದ ಮನೆಯ ಮಗು ಏನು ಮಾಡಬೇಕು ಎಂಬುದು ನನ್ನ ಪ್ರಶ್ನೆ. ಮೆಟ್ಟಿಲ ಮೇಲೆ ಕುಳಿತಿದ್ದ ಆ ಹುಡುಗಿಗೆ ಎಂಟು ಸಾವಿರ ರೂಪಾಯಿಯ ಶಿಬಿರ ಚಂದ್ರನಷ್ಟೇ ದೂರ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾವು ಸಾರ್ವಜನಿಕ ಸರಕಿನ ಪರಿಕಲ್ಪನೆಯನ್ನು ಓದಿದ್ದೆವು. ಒಬ್ಬರು ಅನುಭೋಗಿಸಿದರೆ ಇನ್ನೊಬ್ಬರ ಪಾಲು ಕಡಿಮೆಯಾಗದಂಥ ಸರಕುಗಳನ್ನು ಕುರಿತು ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಬರೆದ ಪ್ರಬಂಧ ಇಂದಿಗೂ ಪಠ್ಯದಲ್ಲಿದೆ. ಮರದ ನೆರಳಿನಲ್ಲಿ ಕುಳಿತು ಚಿತ್ರ ಬರೆಯುವ ಮಗುವಿನ ಸಂತೋಷ ಹೆಚ್ಚುಕಡಿಮೆ ಅಂಥದೇ ಸರಕು. ಪಕ್ಕದಲ್ಲಿ ಇನ್ನೊಂದು ಮಗು ಬಂದು ಕುಳಿತರೆ ಅದು ಕಡಿಮೆಯಾಗುವುದಿಲ್ಲ, ಅನೇಕ ವೇಳೆ ಹೆಚ್ಚುತ್ತದೆ. ಇಂಥ ಸರಕನ್ನು ಮಾರುಕಟ್ಟೆ ತಾನಾಗಿ ಬೇಕಾದಷ್ಟು ಒದಗಿಸದು. ಅದನ್ನು ಒದಗಿಸಬೇಕಾದದ್ದು ಸಮಾಜ ಮತ್ತು ಸರ್ಕಾರ. ವಿಪರ್ಯಾಸವೆಂದರೆ ನೆರಳು, ಮಣ್ಣು, ಅಂಗಳ ಎಲ್ಲವೂ ನಮ್ಮಲ್ಲಿ ಈಗಾಗಲೇ ಇವೆ. ನಾವು ಅವುಗಳಿಗೆ ಬೀಗ ಹಾಕಿದ್ದೇವೆ.

ಸಾಮಗ್ರಿಗಳಿಗಂತೂ ಖರ್ಚೇ ಇಲ್ಲ. ಬೇಸಿಗೆಯಷ್ಟು ಉದಾರವಾದ ಬಣ್ಣದಂಗಡಿ ಬೇರೊಂದಿಲ್ಲ. ಗುಲ್‌ಮೊಹರ್ ಕೆಂಪಾಗಿ ಉದುರುವುದು ಇದೇ ದಿನಗಳಲ್ಲಿ. ಅರಿಶಿನದ ನೀರಿನಲ್ಲಿ ಬರೆದ ಹಳದಿ ಚಿತ್ರದ ಮೇಲೆ ಸೋಪಿನ ನೀರು ತಾಗಿದರೆ ಅದು ಕೆಂಪಾಗುತ್ತದೆ. ಅಜ್ಜಿಯರು ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುತ್ತಿದ್ದುದರ ಹಿಂದಿದ್ದುದು ಇದೇ ರಸಾಯನ ವಿದ್ಯೆ. ಶಂಖಪುಷ್ಪದ ನೀಲಿ ರಸಕ್ಕೆ ನಿಂಬೆಹುಳಿ ಹಿಂಡಿದರೆ ನೇರಳೆಯಾಗುತ್ತದೆ. ಒರಟಾದ ಮರದ ತೊಗಟೆಯ ಮೇಲೆ ಹಳೆಯ ಕಾಗದವಿಟ್ಟು ಇದ್ದಿಲಿನಿಂದ ಉಜ್ಜಿದರೆ ಮರದ ಮೈ ಕಾಗದಕ್ಕಿಳಿಯುತ್ತದೆ. ಗೆಳತಿಯ ನೆರಳಿನ ಅಂಚನ್ನು ನೆಲದ ಮೇಲೆ ಬೆಳಿಗ್ಗೆ ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ ಗುರುತಿಸಿದರೆ ನೆರಳು ಕುಗ್ಗುವುದು ಕಾಣುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಧ್ಯಾಹ್ನ ಕೆಲವು ಕ್ಷಣ ಇಲ್ಲವಾಗುತ್ತದೆ. ಈ ಅಚ್ಚರಿ ಪ್ರತಿ ವರ್ಷವೂ ರಜೆಯ ನಡುವೆಯೇ ಬರುತ್ತದೆ. ಚಿತ್ರವೆಲ್ಲಿ ಮುಗಿಯಿತು, ವಿಜ್ಞಾನವೆಲ್ಲಿ ಮೊದಲಾಯಿತು ಎಂದು ಮಕ್ಕಳು ಕೇಳುವುದಿಲ್ಲ.

ಇದಾವುದೂ ನಮಗೆ ಹೊಸತಲ್ಲ. ನನ್ನ ಸೇವೆಯ ಮೊದಲ ವರ್ಷಗಳನ್ನು ಧಾರವಾಡದ ಸೀಮೆಯಲ್ಲಿ ಕಳೆದವನು ನಾನು. ಅಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮಕ್ಕಳ ಕೈಗೆ ಹಸಿ ಮಣ್ಣು ಬರುತ್ತಿತ್ತು. ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಿದ್ದರು. ಎತ್ತಿನ ಕೋಡು ಸೊಟ್ಟಗಾದರೆ ಯಾರೂ ಅಂಕ ಕಳೆಯುತ್ತಿರಲಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದರು. ಮೈಸೂರಿನ ರಂಗಾಯಣದ ಅಂಗಳ ಬೇಸಿಗೆಯಲ್ಲಿ ಚಿಣ್ಣರ ಮೇಳಕ್ಕೆ ತೆರೆದುಕೊಳ್ಳುತ್ತ ಬಂದಿದೆ. ಮಕ್ಕಳ ಬಿಡುವು ಸಮಾಜದ ಹೊಣೆಯೆಂದು ಬಗೆದ ಹಿರಿಯರು ನಮ್ಮಲ್ಲಿದ್ದರು. ನಮ್ಮ ಕಾಲಕ್ಕೆ ಆ ಹೊಣೆ ಮನೆಯ ನಾಲ್ಕು ಗೋಡೆಗಳ ಒಳಗಿನ ಸಮಸ್ಯೆಯಾಗಿ ಕುಗ್ಗಿದೆ.

ಕಾನೂನಿನ ಬೆಂಬಲವೂ ಇಲ್ಲವೆನ್ನುವಂತಿಲ್ಲ. ಬಿಡುವು, ಆಟ ಹಾಗೂ ಕಲೆಯಲ್ಲಿ ಪಾಲ್ಗೊಳ್ಳುವುದು ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ ಅದನ್ನು ಒಪ್ಪಿದ್ದು 1992ರಲ್ಲಿ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಶಾಲೆಗೆ ಆಟದ ಮೈದಾನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ವಿಧಿಸಿದೆ. ಬೆಂಗಳೂರಿನ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ 2024ರಲ್ಲಿ ಪ್ರಕಟವಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಗೇಟಿನ ವೇಳೆ ಬದಲಾದರಷ್ಟೇ ಸಾಲದು. ಒಳಗಿನ ಫಲಕವೂ ಬದಲಾಗಬೇಕು.

ನನ್ನ ಸಲಹೆ ಸರಳವಾದದ್ದು. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಸುಮಾರು ಏಳು ವಾರಗಳ ಕಾಲ, ಪ್ರತಿ ವಾರ್ಡಿನಲ್ಲಿ ಒಂದು ಸರ್ಕಾರಿ ಶಾಲೆಯ ಅಂಗಳ ಮತ್ತು ಒಂದು ಉದ್ಯಾನದ ನೆರಳಿರುವ ಮೂಲೆ ಬೆಳಿಗ್ಗೆ 7ರಿಂದ 10ರವರೆಗೆ, ಸಂಜೆ 4.30ರಿಂದ 6.30ರವರೆಗೆ ಮಕ್ಕಳಿಗೆ ಮೀಸಲಾಗಲಿ. ಅಲ್ಲಿ ಒಂದು ರಾಶಿ ಜೇಡಿಮಣ್ಣು, ಒಂದು ರಾಶಿ ಮರಳು, ಸೀಮೆಸುಣ್ಣ, ಇದ್ದಿಲು, ಹಳೆಯ ಪತ್ರಿಕೆಗಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿ. ಚಿತ್ರಕಲಾ ಶಾಲೆಗಳ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು ಇಬ್ಬಿಬ್ಬರನ್ನು ನೇಮಿಸಲಿ. ಅವರು ಪಾಠ ಮಾಡಬೇಕಾಗಿಲ್ಲ, ಮಕ್ಕಳ ಮೇಲೆ ಕಣ್ಣಿಟ್ಟರೆ ಸಾಕು. ನನ್ನಂಥ ನಿವೃತ್ತರು ಸರದಿಯ ಮೇಲೆ ಜೊತೆಗೂಡಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ನಗರ ಪಾಲಿಕೆಗಳಾದವು. ಐದರಲ್ಲಿ ಒಂದು ಮುಂದೆ ಬಂದರೂ ಉಳಿದವುಗಳಿಗೆ ಮಾದರಿ ಸಿಕ್ಕಂತಾಗುತ್ತದೆ.

ರಜೆಯಲ್ಲಿ ಶಾಲೆಯ ಬಾಗಿಲು ತೆರೆಯುವುದು ಆಗದ ಮಾತು ಎನ್ನುವವರಿಗೆ ಒಂದು ನೆನಪು. 2024ರ ಬರಗಾಲದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯ ಅವಧಿಯಲ್ಲೂ ಮಕ್ಕಳಿಗೆ ಬಿಸಿಯೂಟ ಬಡಿಸಲಾಯಿತು. ಹಸಿವೆಂಬುದು ಕಣ್ಣಿಗೆ ಕಂಡಾಗ ಬಾಗಿಲು ತೆರೆಯಿತು. ಇನ್ನೊಂದು ಬಗೆಯ ಹಸಿವು ಕಣ್ಣಿಗೆ ಕಾಣುವುದು ಕಷ್ಟ, ಅಷ್ಟೆ.

ಬಿಸಿಲಿನ ಆಕ್ಷೇಪ ನ್ಯಾಯವಾದದ್ದೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನಡುಹಗಲಿನಲ್ಲಿ ಮಕ್ಕಳನ್ನು ಹೊರಗೆ ಬಿಡಿ ಎಂದು ಯಾರೂ ಹೇಳುವುದಿಲ್ಲ. ಮೇಲೆ ಹೇಳಿದ ಹೊತ್ತುಗಳನ್ನು ಆರಿಸಿದ್ದು ಅದಕ್ಕಾಗಿಯೇ. ಮಕ್ಕಳು ಬಿದ್ದು ಪೆಟ್ಟು ಮಾಡಿಕೊಂಡರೆ ಯಾರು ಹೊಣೆ ಎಂಬ ಪ್ರಶ್ನೆಯೂ ಬರುತ್ತದೆ. ಕಚೇರಿಗಳಲ್ಲಿ ಒಳ್ಳೆಯ ಕೆಲಸಗಳನ್ನು ನಿಲ್ಲಿಸಲು ಈ ಪ್ರಶ್ನೆಯನ್ನು ನಾನೂ ಬಳಸಿದ್ದೇನೆ, ಹಾಗಾಗಿ ಅದರ ಬಲ ಬಲ್ಲೆ. ಹೊಣೆ ಹೊರುವವರನ್ನು ಆದೇಶದಲ್ಲೇ ಹೆಸರಿಸಿದರೆ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ವಾಯುವಿಹಾರಿಗಳ ನೆಮ್ಮದಿಗೂ ಬೆಲೆಯುಂಟು; ಆದರೆ ಇಡೀ ಉದ್ಯಾನದಲ್ಲಿ ಒಂದು ಮೂಲೆಯನ್ನು ಎರಡು ಹೊತ್ತು ಬಿಟ್ಟುಕೊಟ್ಟರೆ ಆ ನೆಮ್ಮದಿ ಕದಡಲಾರದು.

ಪೋಷಕರಿಗೂ ಒಂದು ಮಾತು. ಮಗು 'ಬೋರು' ಎಂದೊಡನೆ ಕೈಗೆ ಏನನ್ನಾದರೂ ಕೊಡಬೇಕೆಂದು ನಾವು ಗಾಬರಿಯಾಗುತ್ತೇವೆ. ಬೇಸರ ರೋಗವಲ್ಲ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಆ ಬೇಸರದಿಂದಲೇ ರೈಲಿಗೆ ಹನ್ನೊಂದನೆಯ ಬೋಗಿ ಹುಟ್ಟುತ್ತದೆ. ಬಿಸಿಲಿಗೆ ಮಾಸುವ, ಮಳೆಗೆ ತೊಳೆದುಹೋಗುವ ಆ ಚಿತ್ರಕ್ಕೆ ಪ್ರಮಾಣಪತ್ರದ ಅಗತ್ಯವಿಲ್ಲ. ನಾಳೆ ಮತ್ತೆ ಬರೆಯಲು ನೆಲ ಖಾಲಿಯಿದ್ದರೆ ಸಾಕು.

ಈ ವರ್ಷ ರಜೆ ಆರಂಭವಾಗುವ ಮೊದಲೇ ನಾನು ನಮ್ಮ ನಿವಾಸಿಗಳ ಸಂಘಕ್ಕೆ ಅರ್ಜಿಯೊಂದನ್ನು ಬರೆದೆ. ವೃತ್ತಿಯಲ್ಲಿ ಸಾವಿರಾರು ಅರ್ಜಿಗಳನ್ನು ಓದಿದವನಿಗೆ ಬರೆಯುವುದು ಕಷ್ಟವಾಗಲಿಲ್ಲ. ಕೆಳಗೆ ಒಂಬತ್ತು ಮಕ್ಕಳು ತಮ್ಮ ತಮ್ಮ ಹೆಸರು ಬರೆದರು. ಸಂಘ ಒಪ್ಪಿತು: ಹಿಂಬದಿಯ ಕಾರು ನಿಲುಗಡೆಯ ಪಕ್ಕದ ಜಾಗದಲ್ಲಿ, ಬೆಳಿಗ್ಗೆ 7ರಿಂದ 9.30ರವರೆಗೆ ಮಕ್ಕಳು ಚಿತ್ರ ಬರೆಯಬಹುದು, ಕೊನೆಗೆ ತಾವೇ ತೊಳೆಯಬೇಕು. ಇವೆಲ್ಲ ನ್ಯಾಯವಾದ ಷರತ್ತುಗಳೇ. ಆದರೆ ಕೊನೆಯ ಸಾಲಿನಲ್ಲಿ 'ನಿವಾಸಿಗಳ ಮಕ್ಕಳಿಗೆ ಮಾತ್ರ' ಎಂದಿದೆ. ಅರ್ಜಿಯಲ್ಲಿದ್ದ ಒಂಬತ್ತನೆಯ ಹೆಸರು ತೆಂಗಿನ ಗರಿಯ ಗಿರಗಿಟ್ಟೆ ಕಲಿಸಿದ ಹುಡುಗಿಯದು.

ಆ ಸಾಲನ್ನು ತೆಗೆಯಬೇಕೆಂದು ಎರಡನೆಯ ಅರ್ಜಿ ಕೊಟ್ಟಿದ್ದೇನೆ. ಸಭೆ ಬರುವ ಭಾನುವಾರ. ಅಲ್ಲಿಯವರೆಗೆ ನಾನೂ ಮೊಮ್ಮಗಳೂ ನೆಲಮಾಳಿಗೆಯ ಮೆಟ್ಟಿಲ ಮೇಲೆ, ಆ ಹುಡುಗಿಯ ಪಕ್ಕದಲ್ಲಿ ಕುಳಿತು ಹಳೆಯ ಪತ್ರಿಕೆಗಳ ಮೇಲೆ ಚಿತ್ರ ಬರೆಯುತ್ತಿದ್ದೇವೆ.