ಚಂದ್ರನಿಗೆ ಹೋಗೋ ದಾರಿ ನಮ್ಮ ಕಾವಲಿನ ಮೇಲಿದೆ

ಚಂದ್ರಯಾನ ಅಂದ ಕೂಡಲೇ ನಮಗೆ ನೆನಪಾಗೋದು ಶ್ರೀಹರಿಕೋಟಾದ ಬೆಂಕಿ-ಹೊಗೆ, ಬೆಂಗಳೂರಿನ ಕಂಟ್ರೋಲ್ ರೂಮಿನ ಚಪ್ಪಾಳೆ. ಆ ದಾರಿಯಲ್ಲಿ ಇನ್ನೊಂದು ಸ್ಟಾಪ್ ಇದೆ, ಅದೂ ನಮ್ಮ ದುರ್ಗ ಜಿಲ್ಲೆಯಲ್ಲೇ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು. ನಮ್ಮ ತುರುವನೂರಿನಿಂದ ಬೈಕ್ ಹತ್ತಿದರೆ ದೂರವೇನಲ್ಲ.

ಅಲ್ಲಿ ಇಸ್ರೊದವರು ಮಾಡಿದ ಕೆಲಸ ಕೇಳಿದರೆ ನಗು ಬರಬಹುದು: ಗುಂಡಿ ತೋಡಿಸಿದರು! ಚಂದ್ರಯಾನ–2ರ ತಯಾರಿಗೆ 2016ರಲ್ಲಿ ಚಂದ್ರನ ಕುಳಿಗಳ ಥರಾನೇ ನೆಲ ಅಗೆಸಿ, ಲ್ಯಾಂಡರಿನ ಸೆನ್ಸರ್‌ಗಳನ್ನು ವಿಮಾನದಲ್ಲಿಟ್ಟು ಅದರ ಮೇಲೆ ಹಾರಿಸಿ ನೋಡಿದರು.

ಯಾಕೆ ಇಷ್ಟೆಲ್ಲ? ಚಂದ್ರ ಸುಮಾರು 3.84 ಲಕ್ಷ ಕಿ.ಮೀ. ದೂರ. ರೇಡಿಯೊ ಸಂದೇಶ ಒಂದು ಕಡೆ ಹೋಗೋಕೇ 1.3 ಸೆಕೆಂಡ್ ಬೇಕು. ಮಂಗಳಕ್ಕಾದರೆ 3ರಿಂದ 22 ನಿಮಿಷ. ‘ಹುಷಾರು, ಕೆಳಗೆ ಬಂಡೆ ಇದೆ’ ಅಂತ ಇಲ್ಲಿಂದ ಹೇಳೋ ಹೊತ್ತಿಗೆ ಅಲ್ಲಿ ಕಥೆ ಮುಗಿದಿರುತ್ತೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಸುಮಾರು 24 ನಿಮಿಷ ಎಂಜಿನ್ ಉರಿಸಿ ಮಂಗಳನ ಕಕ್ಷೆ ಸೇರಿದ್ದು ತನ್ನಷ್ಟಕ್ಕೆ ತಾನೇ. ದೂರ ಹೋಗೋ ನೌಕೆಗೆ ಕಣ್ಣೂ ಬುದ್ಧಿಯೂ ಇಲ್ಲೇ ಕೊಟ್ಟು ಕಳಿಸಬೇಕು. ಆ ಕಣ್ಣಿನ ಪರೀಕ್ಷೆ ನಡೆದದ್ದು ಉಳ್ಳಾರ್ತಿಯಲ್ಲಿ.

2019ರ ಸೆಪ್ಟೆಂಬರ್ 7ರಂದು ವಿಕ್ರಮ್ ನೆಲಕ್ಕೆ ಬಿದ್ದ ರಾತ್ರಿ ನಿಮಗೂ ನೆನಪಿರುತ್ತೆ. ಆಮೇಲೆ ಇಸ್ರೊ ಇಳಿಯೋ ಜಾಗವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿತು. 2023ರ ಆಗಸ್ಟ್ 23ರ ಸಂಜೆ ಹೊಸ ವಿಕ್ರಮ್ ಸುಮಾರು 150 ಮೀಟರ್ ಎತ್ತರದಲ್ಲಿ ತುಸು ನಿಂತು, ಕೆಳಗಿನ ನೆಲ ನೋಡಿ, ಜಾಗ ಆರಿಸಿಕೊಂಡು 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಅವತ್ತು ಸ್ಟೇಟಸ್ ಹಾಕದವರು ಯಾರಿದ್ದರು ಹೇಳಿ?

ಆದರೆ ಆ ನೆಲದ ಇನ್ನೊಂದು ಕಥೆ ಯಾರ ಸ್ಟೇಟಸ್‌ನಲ್ಲೂ ಬರಲಿಲ್ಲ. ಉಳ್ಳಾರ್ತಿ, ಕುದಾಪುರದ ಕಡೆಯದ್ದು ಅಮೃತಮಹಲ್ ಕಾವಲು, ಮೈಸೂರು ಅರಸರ ಕಾಲದಿಂದ ದನಕ್ಕೆಂದೇ ಬಿಟ್ಟ ಹುಲ್ಲುಗಾವಲು. ಮಳೆ ಕಡಿಮೆಯ ಈ ಸೀಮೆಯಲ್ಲಿ ಸುತ್ತಲ ಹಳ್ಳಿಗಳ ದನ-ಕುರಿಗೆ, ಕುರಿಯ ಉಣ್ಣೆ ನಂಬಿದ ಕಂಬಳಿ ನೇಕಾರರಿಗೆ ಅದೇ ಆಧಾರ. ಇಸ್ರೊ, ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್‌ಗಳಿಗೆ ಸಾವಿರಾರು ಎಕರೆ ಹೋಗಿ ಬೇಲಿ, ಗೋಡೆ ಎದ್ದಾಗ ಹಳ್ಳಿಯವರು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು.

ಹೆಮ್ಮೆಪಡೋದಾ, ಬೇಸರಪಡೋದಾ? ನನಗಂತೂ ಎರಡೂ ಆಗುತ್ತೆ. ಹಳಗನ್ನಡದಲ್ಲಿ ‘ತುರು’ ಅಂದರೆ ದನ. ನಮ್ಮೂರಿನ ಹೆಸರಲ್ಲೇ ಆ ಪದ ಕೇಳಿಸುತ್ತೆ. 1939ರಲ್ಲಿ ನಿಜಲಿಂಗಪ್ಪನವರ ಜೊತೆ ಅರಣ್ಯ ಸತ್ಯಾಗ್ರಹ ಮಾಡಿದ ಊರು ಇದು. ಪ್ರಶ್ನೆ ಕೇಳೋದು ಇಲ್ಲಿನವರಿಗೆ ಹೊಸದಲ್ಲ. ಕುರಿ ಕಾಯೋರು ‘ರಾಕೆಟ್ ಬೇಡ’ ಅಂದರೆ ಅದು ವಿಜ್ಞಾನದ್ವೇಷ ಅಂತ ನನಗೆ ಅನ್ನಿಸಲ್ಲ. ನಾಳೆ ಕುರಿ ಎಲ್ಲಿ ಮೇಯಬೇಕು ಅನ್ನೋದು ಅವರ ಪ್ರಶ್ನೆ, ಅಷ್ಟೇ.

ಲೆಕ್ಕ ಚುಕ್ತಾ ಆಗಬೇಕಾದರೆ ಎರಡು ಕೆಲಸ ಆಗಲಿ. ಉಳಿದ ಕಾವಲನ್ನು ಕಾವಲಾಗಿಯೇ ಬಿಡಲಿ. ಸುತ್ತಲ ಹಳ್ಳಿ ಶಾಲೆಗಳ ಮಕ್ಕಳನ್ನು ಬೇಲಿಯೊಳಗೆ ಕರೆದು, ಏನು ನಡೆಯುತ್ತೆ ಅಂತ ಕನ್ನಡದಲ್ಲಿ ವಿವರಿಸಲಿ. ಮುಂದಿನ ಸಲ ನೌಕೆಯೊಂದು ಹಾರುವಾಗ ನೀವೂ ಆಫೀಸ್ ಗ್ರೂಪಿನಲ್ಲಿ ಬೆಂಗಳೂರಿನ ಜೊತೆ ಉಳ್ಳಾರ್ತಿಯ ಹೆಸರನ್ನೂ ಹಾಕಿ. ಅದೆಲ್ಲಿದೆ ಅಂತ ಯಾರಾದರೂ ಕೇಳಿದರೆ, ಕುರಿಗಳ ಕಥೆಯನ್ನೂ ಸೇರಿಸಿ ಹೇಳಿ.