ದೂರು ಸಂಖ್ಯೆಗೂ ಮುಂಚಿನ ಕಾಯುವಿಕೆ: ಟ್ರಾಯ್ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್),
ನವದೆಹಲಿ, ಇವರಿಗೆ



ಕೇಬಲ್ ಅಥವಾ ಡಿಟಿಎಚ್ ಗ್ರಾಹಕರ ದೂರು ಕಾನೂನಿನ ಕಣ್ಣಿಗೆ ಬೀಳುವುದು ಅದಕ್ಕೊಂದು ದೂರು ಸಂಖ್ಯೆ ಸಿಕ್ಕ ಮೇಲೆಯೇ. ನಿಂತುಹೋದ ಸಿಗ್ನಲ್ ಯಾವಾಗ ಮರಳಬೇಕು, ಬಿಲ್ಲಿನ ತಕರಾರು ಎಷ್ಟು ದಿನದಲ್ಲಿ ಬಗೆಹರಿಯಬೇಕು ಎಂಬ ಗಡುವುಗಳೆಲ್ಲ ಆ ಸಂಖ್ಯೆಯಿಂದ ಲೆಕ್ಕಕ್ಕೆ ಬರುತ್ತವೆ. ಸಂಖ್ಯೆಗಾಗಿ ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದವರು ಕಾಯಬೇಕು. ಕಾದು ಸಾಕಾಗಿ ಫೋನ್ ಇಟ್ಟರೆ ದೂರು ಹುಟ್ಟುವುದೇ ಇಲ್ಲ, ಯಾವ ಕಡತಕ್ಕೂ ಸೇರುವುದಿಲ್ಲ. ದೂರು ಸಂಖ್ಯೆಗೂ ಮುಂಚಿನ ಈ ಅವಧಿಯೇ ಪತ್ರದ ವಿಷಯ.

1997ರ ಕಾಯ್ದೆಯಿಂದ ಹುಟ್ಟಿದ ಪ್ರಾಧಿಕಾರದ ವ್ಯಾಪ್ತಿಗೆ ಪ್ರಸಾರ ಮತ್ತು ಕೇಬಲ್ ಸೇವೆಗಳು ಬಂದದ್ದು 2004ರ ಜನವರಿಯಲ್ಲಿ. ಟಿವಿ ವಿತರಣೆಯ ಗುಣಮಟ್ಟ ಮತ್ತು ಗ್ರಾಹಕರ ರಕ್ಷಣೆಗಾಗಿ 2017ರಲ್ಲಿ ರೂಪಿಸಿದ ನಿಯಮಾವಳಿ ಒಳ್ಳೆಯ ದಾಖಲೆ. ಟೋಲ್ ಫ್ರೀ ಸಂಖ್ಯೆ, ಪ್ರಾದೇಶಿಕ ಭಾಷೆಯಲ್ಲಿ ಉತ್ತರ, ಪ್ರತಿ ದೂರಿಗೂ ಸಂಖ್ಯೆ, ಮೇಲ್ಮನವಿ ಕೇಳಲು ನೋಡಲ್ ಅಧಿಕಾರಿ, ಎಲ್ಲವೂ ಅದರಲ್ಲಿವೆ. ಕೊರತೆ ಇರುವುದು ಈ ಸೌಲಭ್ಯಗಳನ್ನು ತಲುಪುವ ದಾರಿಯಲ್ಲಿ.

ಆ ದಾರಿ ಉದ್ದವಾದದ್ದಕ್ಕೆ ತಾಂತ್ರಿಕ ಕಾರಣವೂ ಇದೆ. ಕೇಬಲ್ ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರಲ್ಲಿ, ಬೆಂಗಳೂರು ಮತ್ತು ಮೈಸೂರು ಸೆಟ್‌ಟಾಪ್ ಬಾಕ್ಸಿಗೆ ಬದಲಾದವು. ಅದಕ್ಕೂ ಮುಂಚೆ ತಂತಿ ತುಂಡಾದರೆ, ಚಿತ್ರ ಮಸುಕಾದರೆ ಬೀದಿಯ ಕೇಬಲ್ ಆಪರೇಟರನೇ ಏಣಿ ಹಾಕಿ ಸರಿಪಡಿಸುತ್ತಿದ್ದ. ಈಗ ಚಾನೆಲ್ ತೆರೆಯುವುದೂ ಮುಚ್ಚುವುದೂ ದೂರದ ಕಂಪನಿಯ ಸರ್ವರಿನಲ್ಲಿ. ಹಣ ಕಟ್ಟಿಯೂ ಚಾನೆಲ್ ಬಾರದಿದ್ದರೆ ಆಪರೇಟರ್ ಕೂಡ ಕಂಪನಿಯನ್ನೇ ಕೇಳಬೇಕು. 2019ರ ಫೆಬ್ರವರಿಯಿಂದ ಹೊಸ ದರ ಪದ್ಧತಿ ಪೂರ್ತಿ ಜಾರಿಯಾಗಿ, ಬೇಕಾದ ಚಾನೆಲನ್ನು ಗ್ರಾಹಕರೇ ಆರಿಸಿಕೊಳ್ಳುವ ಹಕ್ಕು ಬಂತು. ಹಕ್ಕು ದೊಡ್ಡದು. ಆದರೆ ಪ್ರತಿ ಆಯ್ಕೆಯೂ ಪ್ರತಿ ಬದಲಾವಣೆಯೂ ಒಂದು ಕರೆಗೆ ಕಾರಣವಾಗಬಲ್ಲದು.

ಕರೆ ಮಾಡಿದವರಿಗೆ ಮೊದಲು ಎದುರಾಗುವುದು ಐವಿಆರ್ ಎಂಬ ಯಂತ್ರದ ಧ್ವನಿ. ಭಾಷೆ ಆರಿಸಬೇಕು, ನೋಂದಾಯಿತ ಮೊಬೈಲ್ ಅಥವಾ ಕಾರ್ಡ್ ಸಂಖ್ಯೆ ಒತ್ತಬೇಕು, ಹೊಸ ಪ್ಯಾಕುಗಳ ಪ್ರಚಾರ ಕೇಳಬೇಕು, ನಂತರ ಮೆನುವಿನ ಮೇಲೆ ಮೆನು. ತಮ್ಮ ತೊಂದರೆ ಯಾವ ಅಂಕಿಯೊಳಗೆ ಅಡಗಿದೆ ಎಂದು ವಯಸ್ಸಾದವರಿಗೆ ತಿಳಿಯುವುದು ಕಷ್ಟ. ಕನ್ನಡವನ್ನೇ ಆರಿಸಿಕೊಂಡು ಬಹಳ ಹೊತ್ತು ಕಾದವರಿಗೆ ಕೊನೆಗೆ ಹಿಂದಿಯಲ್ಲಿ ಉತ್ತರ ಸಿಗುವುದು ಕರ್ನಾಟಕದಲ್ಲಿ ಅಪರೂಪವೇನಲ್ಲ. ಅಂಥವರ ಪಾಲಿಗೆ ಅಷ್ಟೂ ಕಾಯುವಿಕೆ ವ್ಯರ್ಥ, ಮತ್ತೆ ಮೊದಲಿನಿಂದ ಆರಂಭ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಮುಂದೆ ಎಷ್ಟು ಜನ ಇದ್ದಾರೆಂದಾದರೂ ಕಾಣುತ್ತದೆ. ಫೋನಿನ ಸಾಲಿನಲ್ಲಿ ಅದೂ ಕಾಣುವುದಿಲ್ಲ. ಕಾಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಬೇಕಾದ ಮಾಹಿತಿಯೂ ಗ್ರಾಹಕರಿಗಿಲ್ಲ.

‘ಈಗ ಕರೆಗಳು ಹೆಚ್ಚಾಗಿವೆ’ ಎಂಬ ವಿವರಣೆಯನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಟೆಲಿಫೋನ್ ಸಾಲಿಗೆ ನೂರು ವರ್ಷ ದಾಟಿದ ಗಣಿತವಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1909 ಮತ್ತು 1917ರಲ್ಲಿ ಪ್ರಕಟಿಸಿದ ಬರಹಗಳು ಅದಕ್ಕೆ ತಳಹದಿ. ಗಂಟೆಗೆ 100 ಕರೆ, ಒಂದೊಂದಕ್ಕೂ ಸರಾಸರಿ 6 ನಿಮಿಷ ಎಂದಾದರೆ ಅದು ಹತ್ತು ಮಂದಿಯ ಪೂರ್ಣ ಹೊತ್ತಿನ ಕೆಲಸ. ಹತ್ತೇ ಮಂದಿಯನ್ನು ಕೂರಿಸಿದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ, ಏಕೆಂದರೆ ಕರೆಗಳು ಹೇಳಿಕೇಳಿ ಸಮಾನ ಅಂತರದಲ್ಲಿ ಬರುವುದಿಲ್ಲ. ಯಾರೂ ನಡುವೆ ಫೋನ್ ಇಡುವುದಿಲ್ಲ ಎಂದಿಟ್ಟುಕೊಂಡು ಎರ್ಲಾಂಗ್ ಸೂತ್ರ ಹಾಕಿದರೆ, ಹನ್ನೊಂದು ಮಂದಿ ಇದ್ದಾಗ ಸರಾಸರಿ ಕಾಯುವಿಕೆ ಸುಮಾರು 4 ನಿಮಿಷ. ಹನ್ನೆರಡು ಮಂದಿಗೆ ಸುಮಾರು 80 ಸೆಕೆಂಡು. ಹದಿಮೂರು ಮಂದಿಗೆ 35 ಸೆಕೆಂಡಿನ ಆಸುಪಾಸು. ಹನ್ನೊಂದರ ಮೇಲೆ ಇನ್ನಿಬ್ಬರು ಸೇರಿದರೆ ನಾಲ್ಕು ನಿಮಿಷ ಅರೆ ನಿಮಿಷವಾಗುತ್ತದೆ. ಅದೇ ಹದಿಮೂರು ಮಂದಿಯ ಮೇಲೆ ಸಂಜೆ ಗಂಟೆಗೆ 120 ಕರೆ ಬಿದ್ದರೆ ಕಾಯುವಿಕೆ ಮತ್ತೆ ನಾಲ್ಕು ನಿಮಿಷ ದಾಟುತ್ತದೆ. ಕರೆಗಳು ಯಾವ ಹೊತ್ತಿಗೆ ಏರುತ್ತವೆ ಎಂಬುದು ಕಂಪನಿಯ ಸ್ವಂತ ದಾಖಲೆಯಲ್ಲೇ ಇರುತ್ತದೆ. ಆದ್ದರಿಂದ ದಿನವೂ ಮರುಕಳಿಸುವ ದೀರ್ಘ ಕಾಯುವಿಕೆ ಆಕಸ್ಮಿಕವಲ್ಲ. ಎಷ್ಟು ಮಂದಿಯನ್ನು ಕೂರಿಸಬೇಕೆಂಬ ತೀರ್ಮಾನದ ಫಲ. ಸಂಬಳದ ಉಳಿತಾಯ ಕಂಪನಿಗೆ, ಸಮಯದ ನಷ್ಟ ಗ್ರಾಹಕರಿಗೆ.

ಈ ತೀರ್ಮಾನದ ಭಾರ ಬೀಳುವ ಇನ್ನೊಂದು ವರ್ಗ ಉತ್ತರಿಸುವ ಪ್ರತಿನಿಧಿಗಳದು. ಪ್ರತಿ ಕರೆಗೆ ತಗಲುವ ಸರಾಸರಿ ಸಮಯದಿಂದ ಅವರ ಕೆಲಸವನ್ನು ಅಳೆಯುವುದು ಈ ಉದ್ಯಮದ ರೂಢಿ. ಸಮಯ ಇಳಿಸುವ ಒತ್ತಡದಲ್ಲಿ ಸಮಸ್ಯೆ ಅರ್ಧಕ್ಕೇ ನಿಲ್ಲುತ್ತದೆ, ಅದೇ ಗ್ರಾಹಕರು ಮರುದಿನ ಮತ್ತೆ ಕರೆ ಮಾಡುತ್ತಾರೆ, ಸಾಲು ಇನ್ನಷ್ಟು ಉದ್ದವಾಗುತ್ತದೆ. ಬಹಳ ಹೊತ್ತು ಕಾದವರ ಸಿಟ್ಟು ಮೊದಲು ತಟ್ಟುವುದೂ ಸಿಬ್ಬಂದಿ ಸಂಖ್ಯೆಯ ಮೇಲೆ ಯಾವ ಅಧಿಕಾರವೂ ಇಲ್ಲದ ಈ ಯುವಕ ಯುವತಿಯರಿಗೇ.

ಕಾಯುವಿಕೆಗೆ ಅಳತೆಗೋಲು ಇಲ್ಲವೆಂದಲ್ಲ. ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಸೇವೆಗೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಾವಳಿಯ ಪ್ರಕಾರ ಶೇ 95ರಷ್ಟು ಕರೆಗಳಿಗೆ ಪ್ರತಿನಿಧಿ 90 ಸೆಕೆಂಡಿನೊಳಗೆ ಉತ್ತರಿಸಬೇಕು. ಆದರೆ ಆ ಗಡಿಯಾರ ಓಡತೊಡಗುವುದು ಪ್ರತಿನಿಧಿಯೊಂದಿಗೆ ಮಾತನಾಡುವ ಅಂಕಿ ಒತ್ತಿದ ಬಳಿಕ. ಅಷ್ಟರೊಳಗೆ ಮೆನುವಿನಲ್ಲಿ ಅಲೆದ ಹೊತ್ತು ಲೆಕ್ಕಕ್ಕಿಲ್ಲ. ದೂರಸಂಪರ್ಕ ಗ್ರಾಹಕರ ದೂರುಗಳಿಗಾಗಿ 2012ರಲ್ಲಿ ಬಂದ ನಿಯಮಾವಳಿ ಆ ಅಂಕಿಗೆ ಜಾಗ ಕೊಟ್ಟಿರುವುದು ಮೆನುವಿನ ಮೂರನೇ ಹಂತದಲ್ಲಿ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ 1993ರಲ್ಲೇ ಕೇಬಲ್ ಕಂಪನಿಗಳಿಗೆ ಇನ್ನೂ ಬಿಗಿಯಾದ ಮಿತಿ ಹಾಕಿತು: ಕಾಯುವಿಕೆಯೂ ಸೇರಿ 30 ಸೆಕೆಂಡಿನಲ್ಲಿ ಉತ್ತರ, ಬೇರೆಯವರಿಗೆ ವರ್ಗಾಯಿಸಿದರೆ ಇನ್ನು 30 ಸೆಕೆಂಡು, ಸಾಮಾನ್ಯ ದಿನಗಳಲ್ಲಿ ಶೇ 90ರಷ್ಟು ಬಾರಿ. ಅಲ್ಲಿಯೂ ಲೆಕ್ಕ ಮೂರು ತಿಂಗಳಿಗೊಮ್ಮೆ. ತಿಂಗಳುಗಟ್ಟಲೆಯ ಸರಾಸರಿಯಲ್ಲಿ ಮಧ್ಯಾಹ್ನದ ಖಾಲಿ ಹೊತ್ತು ಸಂಜೆಯ ದಟ್ಟಣೆಯನ್ನು ಮುಚ್ಚಿಹಾಕುತ್ತದೆ.

ಗ್ರಾಹಕರಿಗೆ ಬೇರೆ ದಾರಿಗಳೂ ಕಿರಿದು. ಟ್ರಾಯ್ ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ. ದೂರಸಂಪರ್ಕ ನ್ಯಾಯಮಂಡಳಿಯಾದ ಟಿಡಿಸ್ಯಾಟ್‌ಗೂ ಗ್ರಾಹಕ ವೇದಿಕೆಗೆ ಸೇರಿದ ಒಬ್ಬೊಬ್ಬರ ದೂರು ಬರುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ಕೆಲವು ನೂರು ರೂಪಾಯಿಯ ರೀಚಾರ್ಜಿಗಾಗಿ ಕೂಲಿ ಬಿಟ್ಟು ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಹತ್ತಿದರೂ ಅಲ್ಲಿ ದಾಖಲೆಯಾಗಿ ದೂರು ಸಂಖ್ಯೆ ಬೇಕಾಗಬಹುದು.

ಸುಧಾರಣೆಗೆ ಮಾದರಿ ಕರ್ನಾಟಕದಲ್ಲೇ ಇದೆ. 2011ರ ಸಕಾಲ ಕಾಯ್ದೆಯಡಿ ಸರ್ಕಾರಿ ಸೇವೆಗೆ ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಸಂಖ್ಯೆ ಸಿಗುತ್ತದೆ, ಗಡುವು ಅಂದಿನಿಂದಲೇ ಆರಂಭ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ತಾಲ್ಲೂಕು ಕಚೇರಿಗೆ ಹಾಕಿದ ಈ ಕಟ್ಟಳೆಯನ್ನು ಕಂಪ್ಯೂಟರಿನಲ್ಲೇ ಎಲ್ಲ ವ್ಯವಹಾರ ನಡೆಸುವ ಟಿವಿ ಕಂಪನಿಗೆ ಹಾಕಲು ತಾಂತ್ರಿಕ ಅಡ್ಡಿಯಿಲ್ಲ. ನೋಂದಾಯಿತ ಸಂಖ್ಯೆಯಿಂದ ಕರೆ ತಲುಪಿ ಗ್ರಾಹಕರು ‘ದೂರು’ ಎಂದು ಆರಿಸಿದ ಕ್ಷಣದಲ್ಲೇ ಸಂಖ್ಯೆ ಹುಟ್ಟಿ ಎಸ್ಸೆಮ್ಮೆಸ್ಸಿನಲ್ಲಿ ಬರಬೇಕು. ಫೋನ್ ಇಟ್ಟರೂ ಆ ದೂರು ಜೀವಂತವಾಗಿರಬೇಕು, ಮರಳಿ ಕರೆ ಮಾಡುವ ಹೊಣೆ ಕಂಪನಿಯದಾಗಬೇಕು. ಕಾಯುವಿಕೆಯ ಅಳತೆ ಮೊದಲ ಧ್ವನಿ ಕೇಳಿದಲ್ಲಿಂದ ಮನುಷ್ಯರು ಮಾತನಾಡಿಸುವವರೆಗೆ ಪೂರ್ತಿ ನಡೆಯಬೇಕು. ನಡುವೆ ಕಡಿದುಹೋದ ಕರೆಗಳು ಉತ್ತರ ಸಿಗದವುಗಳ ಪಟ್ಟಿಗೆ ಸೇರಬೇಕು. ಅಂಕಿಅಂಶ ದಿನದ ಹೊತ್ತಿಗನುಗುಣವಾಗಿ, ರಾಜ್ಯವಾರು, ಭಾಷಾವಾರು ಪ್ರಕಟವಾದರೆ ಕನ್ನಡದ ಸಾಲು ಎಷ್ಟು ಉದ್ದವಿದೆ ಎಂಬುದು ಮೊದಲ ಬಾರಿಗೆ ಎಲ್ಲರಿಗೂ ಕಾಣುತ್ತದೆ.

ಇವುಗಳಲ್ಲಿ ದೂರು ಸಂಖ್ಯೆಯ ಬದಲಾವಣೆಯೇ ಎಲ್ಲಕ್ಕಿಂತ ತುರ್ತಿನದು. 2017ರ ನಿಯಮಾವಳಿಗೆ ಆ ಒಂದು ತಿದ್ದುಪಡಿಯನ್ನಾದರೂ ಪ್ರಾಧಿಕಾರ ಮೊದಲು ತರಬೇಕು, ಅದರ ಕರಡನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಸಾರ್ವಜನಿಕರ ಮುಂದಿಡಬೇಕು ಎಂಬುದು ಈ ಪತ್ರದ ಕೋರಿಕೆ.


ಕರ್ನಾಟಕದ ಒಬ್ಬ ಗ್ರಾಹಕ